ಹಾಲ್ಬಂ, ಆಡು, ಹಳತೆ

ಅವತ್ತು ಬೆಳಿಗ್ಗೆಯೂ ಅವನು ಮುಖಕ್ಕೆ ನೀರು ಹಾಕೋ ಮೊದಲು ಗೂಡಿನ ಹತ್ತಿರ ಹೋದ.

ಬಾಗಿಲ ಪಕ್ಕ ಗೋಡೆಯಲ್ಲಿ ಒಂದು ಗೂಡು. ಬೇರೆಯವರ ಮನೆಯಲ್ಲಾದರೆ ಅಲ್ಲಿ ಬೀಗದ ಕೈ, ಟಾರ್ಚು, ತಲೆನೋವಿನ ಮಾತ್ರೆ ಇರುತ್ತೆ. ಇವರ ಮನೆಯಲ್ಲಿ ಒಂದು ಕಪ್ಪು ಡಬ್ಬ. ಯಾವುದೋ ಆಫೀಸಿನವರು ಬೇಡ ಅಂತ ಎಸೆದ ಕಂಪ್ಯೂಟರು. ಅದಕ್ಕೆ ಪರದೆ ಇಲ್ಲ, ಒತ್ತೋ ಅಕ್ಷರ ಇಲ್ಲ. ಮುಂದೆ ಒಂದು ಹಸಿರು ದೀಪ, ಹಿಂದೆ ಒಂದು ಪುಟ್ಟ ಫ್ಯಾನು. ಹೊಟ್ಟೆ ತುಂಬಿದ ಬೆಕ್ಕು ಮಲಗಿದ ಹಾಗೆ ಗುರ್ ಅನ್ನುತ್ತಾ ಇರುತ್ತಿತ್ತು.

ಒಣಬಟ್ಟೆಯಲ್ಲಿ ಅದರ ಬೆನ್ನು ಒರೆಸಿದ. ಫೋನು ತೆಗೆದು ಒಂದೊಂದೇ ಹೆಸರು ಒತ್ತಿ ನೋಡಿದ. ಗಟ್ಟಿಯಾಗಿ ಹೇಳಿದ.

"ಹಾಲ್ಬಂ ಇದೆ. ಆಡು ಇದೆ. ಹಳತೆ ಇದೆ. ಆಜರಿ ಆಯ್ತು."

"ಆಡಿಗೆ ಮೇವು ಹಾಕಿದ್ರಾ?" ಅಂದಳು ಹೆಂಡತಿ, ಇಸ್ತ್ರಿ ಮೇಜಿನಿಂದ ತಲೆ ಎತ್ತದೆ.

"ಆಕಿದ್ದೀನಿ. ಆಲು ಕರೆದ ಮೇಲೆ ನಿಂಗೂ ಕೊಡ್ತೀನಿ."

ಆ ಡಬ್ಬ ಮನೆಗೆ ಬಂದಾಗಿನಿಂದ ದಿನಾ ಇದೇ ಮಾತು. ಹಳಸಿದ ಜೋಕು. ಇಬ್ಬರೂ ಬಿಟ್ಟಿರಲಿಲ್ಲ.

ಅವನಿಗೆ ಹಕಾರ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅಂದರೂ ತಪ್ಪು. ಬೇಕಾದ ಕಡೆ ಬರುತ್ತಿರಲಿಲ್ಲ, ಬೇಡದ ಕಡೆ ಕರೆಯದ ನೆಂಟನ ಹಾಗೆ ಬಂದು ಕೂರುತ್ತಿತ್ತು. ಹಕ್ಕಿಗೆ ಅಕ್ಕಿ ಹಾಕು ಅನ್ನೋದು ಅವನ ಬಾಯಲ್ಲಿ ಅಕ್ಕಿಗೆ ಹಕ್ಕಿ ಆಕು. ಹಾಡು ಆಡು. ಅಳತೆ ಹಳತೆ. ಆಲ್ಬಂ ಹಾಲ್ಬಂ. ಎಲ್ಲ ಗಂಡಂದಿರೂ ಹೆಂಡತಿಯನ್ನ ಇವಳೇ ಅಂತ ಕರೆದರೆ ಇವನು "ಹಿವಳೇ" ಅನ್ನುತ್ತಿದ್ದ. ಅದಕ್ಕೇ ಸ್ಕೂಲಿನಲ್ಲಿ ಏಟು ತಿಂದು ತಿಂದು ಸ್ಕೂಲೇ ಬಿಟ್ಟ. ಒಂದೇ ಒಂದು ಕಡೆ ಗೆದ್ದಿದ್ದ. ಇಂಗ್ಲಿಷಿನ ಎಚ್ ಅಕ್ಷರಕ್ಕೆ ಓದಿದವರೆಲ್ಲ ಹೆಚ್ ಅನ್ನುತ್ತಾರೆ. ಇವನ ಬಾಯಲ್ಲಿ ಹ ನಿಲ್ಲದೆ ಎಚ್ ಅಂತ ಸರಿಯಾಗಿ ಬರುತ್ತಿತ್ತು.

ಅವನ ಕೆಲಸ ಲಿಫ್ಟು ರಿಪೇರಿ. ಬೀದಿಗೆಲ್ಲ ಲಿಫ್ಟಣ್ಣ. ಅವಳದು ಇಸ್ತ್ರಿ. ಕಟ್ಟಡದ ಮೆಟ್ಟಿಲಿಗೆ ಅಂಟಿಕೊಂಡ ನೆಲಮಹಡಿಯ ಮನೆ. ಮುಂದಿನ ಕೋಣೆಯಲ್ಲೇ ಮೇಜು. ಕಿಟಕಿಯಲ್ಲೇ ಬಟ್ಟೆ ತಗೊಳ್ಳೋದು, ಕೊಡೋದು. ಅವಳು ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದಬಲ್ಲಳು. ಪಕ್ಕದಲ್ಲಿ ನಿಂತು ಅವಸರ ಮಾಡಬಾರದು, ಅಷ್ಟೆ.

ಡಬ್ಬದ ಕೆಲಸವನ್ನ ಅವನು ಅವಳಿಗೆ ಲಿಫ್ಟಿನ ಮಾತಿನಲ್ಲೇ ಹೇಳಿಕೊಟ್ಟಿದ್ದ. ರಿಪೇರಿ ಕಲಿಯೋ ಮೊದಲು ಅವನು ಒಂದು ದೊಡ್ಡ ಕಟ್ಟಡದ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಗುಂಡಿ ಒತ್ತುತ್ತಿದ್ದವನು.

"ಒರಗಿನವರಿಗೆ ಕಾಣೋದು ಒಂದೇ ಬಾಗಿಲು," ಅಂದಿದ್ದ. "ಅಲ್ಲಿ ಒಬ್ಬ ಕೂತಿರ್ತಾನೆ. ಬಂದವರು ಎಸರು ಏಳ್ತಾರೆ."

"ಎಸರು ಇಡೋಕೆ ನಾನಿದ್ದೀನಿ. ಹೆಸರು ಅನ್ನಿ."

"ಅದೇ. ಎಸರು ಕೇಳಿ ಅವನು ಆ ಮನೆ ಮುಂದೆ ಬಿಟ್ಟು ಬರ್ತಾನೆ. ಒಳಗೆ ಎಷ್ಟು ಮನೆ ಇದೆ, ಯಾವುದು ಎಲ್ಲಿದೆ, ಬಂದವರಿಗೆ ಗೊತ್ತೇ ಆಗಲ್ಲ. ಎಸರು ಗೊತ್ತಿಲ್ಲದೋನು ಬಂದ್ರೆ ಬಾಗಿಲಲ್ಲೇ ನಿಲ್ಲಿಸ್ತಾನೆ."

ಕಂಪ್ಯೂಟರಿನವರು ಅದಕ್ಕೆ ರಿವರ್ಸ್ ಪ್ರಾಕ್ಸಿ ಅನ್ನುತ್ತಾರಂತೆ. ಅವನು ಬಾಗಿಲಣ್ಣ ಅಂದ. ಮನೆಯಲ್ಲಿ ಅದೇ ನಿಂತಿತು.

ಬಾಗಿಲಣ್ಣನ ಹಿಂದೆ ಮೂರು ಕೋಣೆ. ಹಾಲ್ಬಮ್ಮಿನಲ್ಲಿ ಮನೆಯ ಫೋಟೋ. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು ಅಲ್ಲಿಂದಲೇ ಫೋನಿನಲ್ಲಿ ಹೆಸರು ಒತ್ತಿ ತನ್ನ ಹಲ್ಲು ಬಿದ್ದ ಮುಖ ನೋಡಿಕೊಳ್ಳುತ್ತಿದ್ದಳು. ಆಡಿನಲ್ಲಿ ಹಾಡು. ಅದರಲ್ಲಿ ಅರ್ಧ ಅವನೇ ಹಾಡಿದ್ದು, ಕಟ್ಟಡಗಳ ನೆತ್ತಿಯ ಮೋಟಾರು ಕೋಣೆಯಲ್ಲಿ ಕೂತು. ಹಳತೆ ಎದುರು ಅಂಗಡಿಯ ದರ್ಜಿಗೆ ಕಟ್ಟಿಕೊಟ್ಟದ್ದು. ಯಾರ ತೋಳು ಎಷ್ಟು, ಯಾರ ಸೊಂಟ ಎಷ್ಟು, ಎಲ್ಲ ಅದರಲ್ಲಿ.

ಮಿಷನ್ನಿಗೆ ದಿನಾ ಪಕ್ಕ ಕೂತು ಹೇಳಿ ಮಾಡಿಸೋ ತಾಳ್ಮೆ ಅವನಿಗೆ ಇರಲಿಲ್ಲ. ಒಂದು ಫೈಲು ಬರೆದಿಟ್ಟಿದ್ದ. ಯಾವ ಯಾವ ಕೋಣೆ ಇರಬೇಕು, ಅದಕ್ಕೆ ಏನು ಹೆಸರು, ಬಾಗಿಲಣ್ಣ ಯಾರನ್ನ ಎಲ್ಲಿಗೆ ಬಿಡಬೇಕು, ಬೀಗ ಹಳೇದಾದರೆ ಯಾವಾಗ ಹೊಸದು ಹಾಕಬೇಕು, ಎಲ್ಲ ಅದರಲ್ಲೇ. ಓಡಿಸಿದರೆ ಸಾಕು, ಮಿಷನ್ನು ಮೇಲಿಂದ ಕೆಳಗೆ ಓದಿಕೊಂಡು ತಾನೇ ಮಾಡಿಕೊಳ್ಳುತ್ತಿತ್ತು. ಆ ಫೈಲಿಗೆ ಇಟ್ಟ ಹೆಸರು ಅಪ್ಪಣೆ. ಅವನ ಬಾಯಲ್ಲಿ ಹಪ್ಪಣೆ.

"ಹಪ್ಪಣೆಗೆ ನೀತಿ ಒಂದೇ," ಅನ್ನುತ್ತಿದ್ದ. "ಇಲ್ಲದ್ದನ್ನ ಕಟ್ಟು, ಇದ್ದದ್ದನ್ನ ಮುಟ್ಟಬೇಡ. ಸಂಸಾರಕ್ಕೂ ಅದೇ ನೀತಿ."

"ಹಾಗಾದ್ರೆ ಈ ಕಡೆ ತಿರುಗಿ ಮಲಗಬೇಡಿ," ಅಂದಿದ್ದಳು ಅವಳು ಒಂದು ಸಲ. ಅವನಿಗೆ ನಕ್ಕು ನಕ್ಕು ಕೆಮ್ಮು ಹತ್ತಿತ್ತು.

ಆ ಬೆಳಿಗ್ಗೆ ಕಿಟಕಿಯಲ್ಲಿ ಒಂದು ಜಗಳ. ಮೂರನೇ ಮಹಡಿಯವರು ಬಿಳಿ ಅಂಗಿ ತಂದು, ಇದು ನನ್ನದಲ್ಲ, ನನ್ನದರಲ್ಲಿ ಜೇಬಿಗೆ ಗುಂಡಿ ಇತ್ತು ಅಂದರು. ನಿಮ್ಮದೇ, ಗುಂಡಿ ಬಿದ್ದು ವರ್ಷ ಆಯ್ತು ಅಂದಳು ಅವಳು. ಅವರು ಗೊಣಗಿಕೊಂಡು ಹೋದರು.

"ನಿಂಗೂ ಒಂದು ಕೋಣೆ ಕಟ್ಟಿಕೊಡ್ತೀನಿ," ಅಂದ ಅವನು, ಊಟದ ಡಬ್ಬಿ ಚೀಲಕ್ಕೆ ಇಟ್ಟುಕೊಳ್ಳುತ್ತಾ. "ಬಟ್ಟೆ ಬಂದ ತಕ್ಷಣ ಗಂಟಿಂದು ಫೋಟೋ ತೆಗೆದು ಆಕು. ಆಮೇಲೆ ಯಾರು ಬಾಯಿ ಮಾಡ್ತಾರೆ ನೋಡೋಣ. ಎಸರು ಹಿಸ್ತ್ರಿ."

"ನನಗೆ ಬಟ್ಟೆ ಗುರುತು ಕೈಯಲ್ಲೇ ಇದೆ. ಕೋಣೆ ಬೇಡ, ಏನೂ ಬೇಡ. ಹೊತ್ತಾಯ್ತು, ಹೊರಡಿ."

"ಈ ಬಾನುವಾರ ಕಟ್ತೀನಿ, ಹಿವಳೇ," ಅಂದು ಹೋದ.

ಅವತ್ತು ಮಧ್ಯಾಹ್ನ ಒಂದು ಕಟ್ಟಡದ ಮೋಟಾರು ಕೋಣೆಯಲ್ಲಿ ಕೆಲಸ ಮುಗಿಸಿ ಗೋಡೆಗೆ ಒರಗಿ ಕೂತ. ಕೂತವನು ಕೂತ ಹಾಗೇ ಹೋದ. ಹೃದಯ ನಿಂತಿತು ಅಂದರು. ಲಿಫ್ಟು ಸರಿಹೋಗಿತ್ತು. ಅದೇ ಲಿಫ್ಟಿನಲ್ಲಿ ಅವನನ್ನ ಕೆಳಗೆ ತಂದರು.

ಮನೆ ತುಂಬ ಜನ. ಚಾಪೆ ಸಾಲಲಿಲ್ಲ, ಲೋಟ ಸಾಲಲಿಲ್ಲ. ಬಂದವರೆಲ್ಲ ಅವಳ ಕೈ ಹಿಡಿದು ಏನೇನೋ ಹೇಳಿದರು. ಅವಳಿಗೆ ಕೇಳಿಸಿದ್ದು ಗೂಡಿನ ಗುರ್ ಒಂದೇ. ಮನೆಯಲ್ಲಿ ಎಲ್ಲದಕ್ಕೂ ಸುದ್ದಿ ಮುಟ್ಟಿತ್ತು. ಬಟ್ಟೆಯ ಗೂಟಕ್ಕೆ ಮುಟ್ಟಿತ್ತು, ಹಾಸಿಗೆಗೆ ಮುಟ್ಟಿತ್ತು. ಡಬ್ಬಕ್ಕೆ ಮುಟ್ಟಿರಲಿಲ್ಲ. ಅವನು ಹೇಳಿ ಹೋದ ಕೆಲಸ ಅದು ಮಾಡುತ್ತಾ ಇತ್ತು.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಮಗಳು ಅಪ್ಪನ ಫೋಟೋ ತೋರಿಸೋಕೆ ಅಂತ ಫೋನು ತೆಗೆದಳು. ಪಕ್ಕದಲ್ಲಿ ಮೇಷ್ಟ್ರು ಭಾವ ಕೂತಿದ್ದರು. ಗಂಡನ ದೊಡ್ಡಪ್ಪನ ಮಗ, ಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವರು. ಬಾಗಿಲಣ್ಣನ ಮೊದಲ ಪುಟದಲ್ಲಿ ಮೂರು ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಇದ್ದವು. ಅವರು ಕನ್ನಡಕ ಏರಿಸಿ ಓದಿದರು.

"ಹಾಲ್ಬಂ. ಆಡು. ಹಳತೆ." ಓದಿ ನಕ್ಕರು. "ನಾನೇ ಎಷ್ಟು ತಿದ್ದಿದೆ ಇವನನ್ನ. ಹೋಗೋವರೆಗೂ ಹ ಬರಲಿಲ್ಲ ನೋಡು."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಸುತ್ತ ಕೂತವರಿಗೂ ನಗು ಬಂತು. ನಗಬಾರದು ಅಂತ ಗೊತ್ತಿದ್ದವರು ಕೆಮ್ಮಿದರು.

ಅವಳಿಗೆ ಮೈಯೆಲ್ಲ ಉರಿ. ಇಷ್ಟು ವರ್ಷ ಆ ಹಕಾರಕ್ಕೆ ನಕ್ಕವಳು ಅವಳೇ. ಆ ನಗು ಅವಳ ಸ್ವಂತದ್ದು. ಅದಕ್ಕೆ ಪಾಲುದಾರರು ಬೇಕಿರಲಿಲ್ಲ.

ಜನ ಎದ್ದು ಹೋದ ಮೇಲೆ ಮಗಳನ್ನ ಒಳಗೆ ಕರೆದಳು. "ಆ ಹೆಸರೆಲ್ಲ ಸರಿ ಮಾಡು."

"ಅಪ್ಪ ಇಟ್ಟಿದ್ದಮ್ಮ ಅದು."

"ಅದಕ್ಕೇ. ಸತ್ತವರನ್ನ ನೋಡಿ ಯಾರೂ ಹಲ್ಲು ಕಿರಿಯಬಾರದು. ಹ ಎಲ್ಲಿ ಬೇಕೋ ಅಲ್ಲಿ ಹಾಕು, ಎಲ್ಲಿ ಬೇಡವೋ ಅಲ್ಲಿ ತೆಗಿ."

ಮಗಳಿಗೆ ಅಪ್ಪ ಸ್ವಲ್ಪ ಕಲಿಸಿದ್ದ. ಅವನ ಹಳೇ ಲ್ಯಾಪ್‌ಟಾಪು ತೆಗೆದು ಅಪ್ಪಣೆ ಫೈಲಿನಲ್ಲಿ ಮೂರು ಹೆಸರನ್ನೂ ತಿದ್ದಿದಳು. ಓಡಿಸಿದಳು. ಎಲ್ಲ ಸರಿ ಅಂತ ಹಸಿರು ಬಂತು. ಫೋನಿನಲ್ಲಿ ನೋಡಿದರೆ ಆಲ್ಬಂ, ಹಾಡು, ಅಳತೆ. ಮುತ್ತು ಪೋಣಿಸಿದ ಹಾಗೆ. ಬಸ್ಸಿಗೆ ಹೊತ್ತಾಗಿತ್ತು. ಅಮ್ಮನ ಕೆನ್ನೆಗೆ ಕೆನ್ನೆ ತಾಗಿಸಿ ಹೊರಟಳು.

ಮಾರನೇ ಬೆಳಿಗ್ಗೆ ಅವಳು ಮೊದಲ ಸಲ ಇಸ್ತ್ರಿಗೆ ಕೈ ಹಾಕಿದಳು. ಸಾವಾದ ಮೇಲೆ ಮೊದಲ ಸಲ. ಪೆಟ್ಟಿಗೆ ಕಾಯುವಷ್ಟರಲ್ಲಿ ಅವನ ಮುಖ ಒಂದು ಸಲ ನೋಡೋಣ ಅಂತ ಫೋನು ತೆಗೆದು ಆಲ್ಬಂ ಒತ್ತಿದಳು. ತೆರೆಯಿತು. ಬಿಳಿ ಪುಟ. ಮಧ್ಯದಲ್ಲಿ ಒಂದು ಸಾಲು. ಅಕ್ಷರ ಕೂಡಿಸಿ ಓದಿದಳು. ನಿಮ್ಮ ಮೊದಲ ಫೋಟೋ ಸೇರಿಸಿ.

ಹಾಡು ಒತ್ತಿದಳು. ಅದೂ ಖಾಲಿ.

ಬೀದಿ ದಾಟಿ ದರ್ಜಿ ಓಡಿ ಬಂದ, ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ. "ಅಕ್ಕಾ, ಅಳತೆ ಒಂದೂ ಇಲ್ಲ. ಇಡೀ ಸ್ಕೂಲಿನ ಯೂನಿಫಾರ್ಮ್ ಒಪ್ಪಿಕೊಂಡಿದ್ದೀನಿ. ಮಕ್ಕಳನ್ನೆಲ್ಲ ಮತ್ತೆ ಸಾಲಾಗಿ ನಿಲ್ಲಿಸು ಅಂದ್ರೆ ಆ ಹೆಡ್ ಮೇಡಮ್ಮು ನನ್ನ ಚರ್ಮ ಸುಲಿದು ಅದರಲ್ಲೇ ಹೊಲಿಸ್ತಾರೆ."

ಸುಟ್ಟ ವಾಸನೆ ಬಂತು. ತಿರುಗಿ ನೋಡಿದರೆ ಪೆಟ್ಟಿಗೆ ಒಂದು ಕಾಲರಿನ ಮೇಲೆ ಕೂತಿತ್ತು. ಇಸ್ತ್ರಿ ಹಿಡಿದಾಗಿನಿಂದ ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದಿಲ್ಲ.

ಮಗಳಿಗೆ ಫೋನು ಮಾಡಿದರೆ ಎತ್ತಲಿಲ್ಲ. ಅವಳು ವಾರ್ಡಿನಲ್ಲಿದ್ದರೆ ಫೋನು ಬೀರುವಿನಲ್ಲಿ ಇರುತ್ತೆ. ಮೈದುನನನ್ನ ಕರೆದಳು. ಗಂಡನ ತಮ್ಮ. ಪ್ರಿಂಟರು, ಕಂಪ್ಯೂಟರು ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಬಂದ, ಕೂತ, ಒತ್ತಿ ನೋಡಿದ, ತಲೆ ಕೆರೆದುಕೊಂಡ.

"ಹೋಗಿದೆ ಅತ್ತಿಗೆ. ಖಾಲಿ. ಹೆಸರು ತಿದ್ದಿದಾಗ ಎಲ್ಲ ಅಳಿಸಿ ಹೋಗಿದೆ."

"ಸರಿಯಾಗಿ ನೋಡು."

"ನನಗೆ ಗೊತ್ತಿರೋದು ವಿಂಡೋಸು. ಅಣ್ಣನ ಈ ಲಿನಕ್ಸು ಗಿನಕ್ಸು ನನಗೆ ಬರಲ್ಲ, ಸುಳ್ಳು ಯಾಕೆ ಹೇಳಲಿ." ಆಮೇಲೆ ಸಾವಿಗೆ ಬಂದ ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನ ಹೇಳಿದ. "ಹೇಗಿದ್ರೂ ಇದನ್ನ ಆರಿಸಬೇಕಿತ್ತು ಅತ್ತಿಗೆ. ಇದು ಬೀದಿಗೆ ಬಾಗಿಲು ತೆರೆದಿಟ್ಟ ಮನೆ. ಅಣ್ಣ ಇದ್ದ, ಕಾಯ್ತಿದ್ದ. ಈಗ ಕಾಯೋರು ಯಾರು? ಒಂದಿನ ಯಾರೋ ಕಳ್ಳ ಒಳಗೆ ನುಗ್ಗಿ ಕೂತರೆ ನಿಮಗೆ ಗೊತ್ತೂ ಆಗಲ್ಲ. ನನ್ನ ಅಂಗಡಿಗೆ ಒಯ್ತೀನಿ. ಒಳಗೆ ಏನಾದ್ರೂ ಸಿಕ್ಕಿದ್ರೆ ತೆಗೀತೀನಿ. ಆಮೇಲೆ ಒರೆಸಿ ಬೇರೆ ಕೆಲಸಕ್ಕೆ ಹಾಕ್ತೀನಿ. ಮುಂದಿನ ಫೋಟೋಗಳನ್ನ ಯಾವುದಾದ್ರೂ ದೊಡ್ಡ ಕಂಪನಿ ಜಾಗದಲ್ಲಿ ಇಟ್ಟುಕೊಂಡ್ರಾಯ್ತು."

"ಮುಂದಿನ ಫೋಟೋದಲ್ಲಿ ನಿಮ್ಮಣ್ಣ ಇರ್ತಾರಾ?"

ಅವನು ತಲೆ ತಗ್ಗಿಸಿದ. ತಗ್ಗಿಸಿಕೊಂಡೇ ಗೂಡಿನ ಕಡೆ ಕೈ ಚಾಚಿದ, ವೈರು ಕೀಳೋಕೆ.

"ಕೈ ತೆಗಿ."

"ಅತ್ತಿಗೆ..."

"ಕೈ ತೆಗಿ ಅಂದೆ. ಅದು ನಿಮ್ಮಣ್ಣ ಇಟ್ಟ ಜಾಗ. ನನ್ನ ಮನೆ ಗೋಡೆ. ಖಾಲಿಯಾದ್ರೂ ಖಾಲಿಯಾಗೇ ಅಲ್ಲೇ ಇರಲಿ."

"ನಿಮಗೆ ಇದರಲ್ಲಿ ಏನು ಗೊತ್ತು ಹೇಳಿ."

"ಏನೂ ಗೊತ್ತಿಲ್ಲ. ಇಸ್ತ್ರಿನೂ ಹೊಟ್ಟೆಯಿಂದ ಕಲಿತು ಬಂದಿರಲಿಲ್ಲ."

ದರ್ಜಿ ನಡುವೆ ಬಾಯಿ ಹಾಕಿದ. "ಅಕ್ಕಾ, ಅವರು ಹೇಳೋದ್ರಲ್ಲೂ..."

"ನೀನು ಸುಮ್ನಿರಪ್ಪ. ನೂಲಿಲ್ಲದ ಸೂಜಿ ಹಾಗೆ ಎಲ್ಲ ಕಡೆ ಚುಚ್ಚಬೇಡ."

ಮೈದುನನಿಗೂ ಕೋಪ ಬಂತು. ಅಣ್ಣನ ಮೇಲೆ ಅವನಿಗೇನು ಪ್ರೀತಿ ಕಮ್ಮಿಯೇ? "ಭಾನುವಾರ ಬರ್ತೀನಿ. ಅಷ್ಟರಲ್ಲಿ ಸರಿಹೋದ್ರೆ ಸರಿ. ಇಲ್ಲಾಂದ್ರೆ ತಗೊಂಡು ಹೋಗ್ತೀನಿ. ನೀವು ಬೈದ್ರೂ ತಗೊಂಡು ಹೋಗ್ತೀನಿ. ನಿಮ್ಮ ಒಳ್ಳೇದಕ್ಕೇ."

"ನನ್ನ ಒಳ್ಳೇದು ನನಗೆ ಬಿಡು," ಅಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ಆ ವಾರ ಅವಳು ಕೆಲಸ ಮಾಡಿದಳು. ಸುಟ್ಟ ಅಂಗಿಯವರ ಮನೆಗೆ ತಾನೇ ಹೋಗಿ ಹೇಳಿದಳು, ಸುಟ್ಟೆ, ಹೊಸದು ಹೊಲಿಸಿಕೊಡ್ತೀನಿ ಅಂತ. ಪಾಪ, ನಿಮ್ಮ ಕಷ್ಟದಲ್ಲಿ ಇದೆಲ್ಲ ಯಾಕೆ ಅಂದರು ಅವರು. ಪಾಪ ಬೇಡ, ಅಳತೆ ಕೊಡಿ ಅಂದಳು. ಪಾಪ ಅನ್ನೋ ಮಾತು ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ಕಿಟಕಿಗೆ ಬಂದವರೆಲ್ಲ ಬಟ್ಟೆಯ ಜೊತೆ ಒಂದು ಪಾಪ ಇಟ್ಟು ಹೋಗುತ್ತಿದ್ದರು. ಮಗಳು ಫೋನಿನಲ್ಲಿ ಅತ್ತಳು. ನನ್ನ ಕೈಯಾರೆ ಅಪ್ಪನನ್ನ ಅಳಿಸಿಬಿಟ್ಟೆ ಅಂದಳು. ತಿದ್ದು ಅಂದವಳು ನಾನು, ನೀನು ಅಳಬೇಡ, ಭಾನುವಾರ ರಜ ಹಾಕಿ ಫೋನಿನ ಹತ್ತಿರ ಕೂತ್ಕೋ ಅಂದಳು ಅಮ್ಮ.

ಆದರೆ ಒಳಗೆ ಬೇರೆ. ಒಳಗೆ ಅವಳಿಗೆ ಅವನ ಮುಖ ಆಗಲೇ ಮಸುಕಾಗುತ್ತಿತ್ತು. ಮೂಗು ನೆನಪಾದರೆ ಕಣ್ಣು ನೆನಪಾಗುತ್ತಿರಲಿಲ್ಲ. ದನಿಯಂತೂ ದಿನಾ ಒಂದೊಂದು ಕೂದಲಿನಷ್ಟು ಸರಿದು ಹೋಗುತ್ತಿತ್ತು. ಡಬ್ಬದಲ್ಲಿದ್ದದ್ದು ವಾಪಸ್ ಬರದಿದ್ದರೆ ಅವನು ಎರಡನೇ ಸಲ ಹೋದ ಹಾಗೆ. ಎರಡನೇ ಸಲ ಕಳಿಸಿದವಳು ತಾನೇ.

ಭಾನುವಾರ ಬೆಳಿಗ್ಗೆ ಮೈದುನ ಬಂದ. ಕೈಯಲ್ಲಿ ದೊಡ್ಡ ಚೀಲ, ಚೀಲದೊಳಗೆ ಹಳೇ ಟವೆಲು, ಡಬ್ಬಕ್ಕೆ ಪೆಟ್ಟಾಗದಿರಲಿ ಅಂತ. ಟವೆಲು ನೋಡಿ ಅವಳಿಗೆ ಅರ್ಧ ಕೋಪ ಇಳಿಯಿತು. ತೋರಿಸಿಕೊಳ್ಳಲಿಲ್ಲ.

"ಮೊದಲು ಕೂತ್ಕೋ," ಅಂದಳು. ಫೋನನ್ನ ಇಸ್ತ್ರಿ ಮೇಜಿನ ಮೇಲೆ ಇಟ್ಟು ಸ್ಪೀಕರು ಹಾಕಿದಳು. ಆ ಕಡೆ ಮಗಳು.

"ಏನು ಮಾಡಿದೆ ಅಂತ ಒಂದೊಂದಾಗಿ ಹೇಳು. ನನಗೆ ಅರ್ಥ ಆಗೋ ಹಾಗೆ ಹೇಳು. ಅವಸರ ಬೇಡ."

"ಅಪ್ಪಣೆ ಫೈಲು ತೆಗೆದೆ. ಮೇಲ್ಗಡೆ ಕೋಣೆಗಳ ಹೆಸರಿದೆ. ಅದನ್ನ ತಿದ್ದಿದೆ. ಓಡಿಸಿದೆ. ಅಷ್ಟೇ ಅಮ್ಮ."

"ಆ ಹೆಸರು ಬಾಗಿಲಣ್ಣನಿಗೆ ಮಾತ್ರಾನಾ?"

"ಇಲ್ಲ. ಎಲ್ಲದಕ್ಕೂ ಅದೇ ಹೆಸರು. ಬಾಗಿಲಲ್ಲಿ ಕೂಗೋದಕ್ಕೂ ಅದೇ, ಒಳಗೆ ಕೋಣೆಗೂ ಅದೇ, ಸಾಮಾನು ಇಡೋ ಪೆಟ್ಟಿಗೆಗೂ ಅದೇ."

"ಓಡಿಸಿದಾಗ ಮಿಷನ್ನು ಏನು ಮಾಡುತ್ತೆ?"

"ಆ ಹೆಸರಿನ ಕೋಣೆ ಇದೆಯಾ ಅಂತ ನೋಡುತ್ತೆ. ಇಲ್ಲದ್ದನ್ನ..."

ಮಗಳು ಅಲ್ಲಿಗೇ ನಿಲ್ಲಿಸಿದಳು. ಮೈದುನ ಕೆಳಗೆ ನೋಡುತ್ತಿದ್ದವನು ತಲೆ ಎತ್ತಿದ. ಆ ಮಾತು ಅವನೂ ಅಣ್ಣನ ಬಾಯಲ್ಲಿ ಕೇಳಿ ಕೇಳಿ ಬೇಸತ್ತಿದ್ದ.

"ಇಲ್ಲದ್ದನ್ನ ಕಟ್ಟು," ಅಂದಳು ಅವಳು. "ಹಾಡು ಅಂತ ಕೋಣೆ ಇರಲಿಲ್ಲ. ಕಟ್ಟಿಬಿಡ್ತು. ಹೊಸ ಮನೆ, ಹೊಸ ಗೋಡೆ, ಒಳಗೆ ಒಂದು ಕಡ್ಡಿ ಸಾಮಾನಿಲ್ಲ. ಹಾಗಾದ್ರೆ ಹಳೇದನ್ನ ಕೆಡವಿದ್ದು ಯಾರು?"

ಮಗಳು ಅಳುತ್ತಾ ನಗುತ್ತಾ ಹೇಳಿದಳು. "ಯಾರೂ ಕೆಡವಿಲ್ಲ ಅಮ್ಮ. ಇದ್ದದ್ದನ್ನ ಮುಟ್ಟಬೇಡ. ಅದು ಇದ್ದ ಹಾಗೇ ಇರುತ್ತೆ. ಬಾಗಿಲಣ್ಣನಿಗೆ ಅದರ ಹೆಸರು ಮರೆತು ಹೋಗಿದೆ ಅಷ್ಟೆ. ನನ್ನ ಬುದ್ಧಿಗೆ ಏನಾಗಿತ್ತು."

"ಬುದ್ಧಿಗೆ ಏನೂ ಆಗಿಲ್ಲ. ಅಪ್ಪ ಸತ್ತಿದ್ರು," ಅಂದಳು. ಮೈದುನನ ಕಡೆ ತಿರುಗಿದಳು. "ಲ್ಯಾಪ್‌ಟಾಪು ತಗೋ. ಅವಳು ಹೇಳಿದ ಹಾಗೆ ಮಾಡು."

ಅವನು ಚೀಲ ಪಕ್ಕಕ್ಕೆ ಇಟ್ಟು ಕೂತ. ಫೈಲು ತೆರೆದ. ಬೆರಳು ಅಕ್ಷರದ ಮೇಲೆ ನಿಂತವು.

"ಆಲ್ಬಮ್ಮಿಗೆ ಹೆಚ್ ಹಾಕು," ಅಂದಳು ಅವಳು.

"ಅಣ್ಣ ಎಚ್ ಅಂತಿದ್ದ," ಅಂದ ಅವನು, ತನಗೇ ಹೇಳಿಕೊಂಡ ಹಾಗೆ. ಹಾಕಿದ. "ಹಾಲ್ಬಂ."

"ಹಾಡಿಂದು ತೆಗಿ."

"ಆಡು." ಅವನ ಬಾಯಿ ಒಂದು ಕಡೆ ಸೊಟ್ಟಗಾಯಿತು. "ಅತ್ತಿಗೆ, ಇದು ತಪ್ಪು ಅಂತ ಗೊತ್ತಿದ್ದೂ ಬರೆಯೋಕೆ ಕೈ ಬರಲ್ಲ ನೋಡಿ."

"ತಪ್ಪೇ ಬರಿ. ಸರಿಯಾಗಿ ತಪ್ಪು ಬರಿ. ಒಂದು ಅಕ್ಷರ ಸರಿ ಬರೆದೆ ಅಂದ್ರೆ ನಿನ್ನ ಸುಮ್ನೆ ಬಿಡಲ್ಲ."

"ಹಳತೆ," ಅಂದ. ಅಂದು ಗುಂಡಿ ಒತ್ತಿದ.

ಪರದೆಯ ಮೇಲೆ ಅಕ್ಷರ ಸಾಲು ಸಾಲಾಗಿ ಇಳಿದುಕೊಂಡು ಹೋಯಿತು. ಗೂಡಿನಲ್ಲಿ ಫ್ಯಾನು ಸ್ವಲ್ಪ ಜೋರಾಯಿತು, ಮತ್ತೆ ತಣ್ಣಗಾಯಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನು ತಗೊಂಡಳು. ಹಾಲ್ಬಂ ಒತ್ತಿದಳು.

ಮೊದಲು ಬಂದದ್ದು ಒಂದು ಹೆಬ್ಬೆರಳು. ಅವನು ಮೋಟಾರಿನ ಫೋಟೋ ತೆಗೆಯೋಕೆ ಹೋಗಿ ತನ್ನ ಹೆಬ್ಬೆರಳೇ ತೆಗೆದದ್ದು. ಉಗುರಿನ ಸಂದಿಯಲ್ಲಿ ಗ್ರೀಸು. ಇದನ್ನ ಅಳಿಸ್ರೀ ಅಂತ ಅವಳು ಎಷ್ಟೋ ಸಲ ಹೇಳಿದ್ದಳು. ಅದನ್ನೇ ನೋಡುತ್ತಾ ನಿಂತಳು.

ಮೈದುನ ಲ್ಯಾಪ್‌ಟಾಪಿನಲ್ಲೇ ಆಡು ಒತ್ತಿದ. ಮೋಟಾರಿನ ಸದ್ದು ಬಂತು, ಅದರ ಹಿಂದೆ ಅವನ ದನಿ. ಅರ್ಧ ಹಾಡಿ ನಿಲ್ಲಿಸಿ, ಯಾರಿಗೋ "ಓಯ್, ಕೆಳಗೆ ಓಗು, ಬಾಗಿಲು ಇಡ್ಕೋ" ಅಂದು ಮತ್ತೆ ಹಾಡಿದ್ದು. ಹಾಡಿನಲ್ಲಿ ಒಂದು ಹಕಾರವೂ ಇರಲಿಲ್ಲ. ಮೈದುನ ಮುಖ ಮುಚ್ಚಿಕೊಂಡು ಗೋಡೆ ಕಡೆ ತಿರುಗಿದ. ಅವಳು ಅಳಲಿಲ್ಲ. ಅಳುವವರು ಒಬ್ಬರಿದ್ದರೆ ಸಾಕು ಅನಿಸಿತು.

ಕಿಟಕಿಯಿಂದ ಬೀದಿ ಆಚೆಗೆ ಕೂಗಿದಳು. "ದರ್ಜಿ, ನಿನ್ನ ಹಳತೆ ಬಂತು ನೋಡಪ್ಪ."

"ಏನು ಬಂತು ಅಕ್ಕಾ?"

"ಹಳತೆ."

ಅವನಿಗೆ ತಡವಾಗಿ ಅರ್ಥವಾಯಿತು. ಕತ್ತರಿ ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದ.

"ಖಾಲಿ ಕೋಣೆ ಮೂರು ಉಳಿದಿವೆ ಅತ್ತಿಗೆ," ಅಂದ ಮೈದುನ, ಮೂಗು ಒರೆಸಿಕೊಂಡು. "ಸರಿಯಾದ ಹೆಸರಿಂದು."

"ಕೆಡವು. ಸರಿ ಇದ್ದು ಏನು ಪ್ರಯೋಜನ, ಒಳಗೆ ಯಾರೂ ಇಲ್ಲ."

ಅವನು ಮಗಳನ್ನ ಕೇಳಿ ಕೇಳಿ ಒಂದೊಂದೇ ಕೆಡವಿದ. ಕೆಡವೋ ಮೊದಲು ಹೆಸರನ್ನ ಗಟ್ಟಿಯಾಗಿ ಓದು ಅಂದಳು ಅವಳು. ಓದಿದ. ಆಮೇಲೆ ಚೀಲದ ಕಡೆ ನೋಡಿದ. "ಆದ್ರೂ ನಾನು ಹೇಳಿದ್ದು ಸುಳ್ಳಲ್ಲ. ಕಾಯೋರು ಬೇಕು."

"ನಾನು ಕಾಯ್ತೀನಿ. ದಿನಾ ಹಾಜರಿ ತಗೋತೀನಿ. ಯಾವುದಾದ್ರೂ ಓಗೊಡಲಿಲ್ಲ ಅಂದ್ರೆ ನಿನ್ನ ಕರೀತೀನಿ. ನೀನು ಆ ಲಿನಕ್ಸು ಗಿನಕ್ಸು ಕಲಿ. ಅಣ್ಣನಿಗಿಂತ ಜಾಸ್ತಿ ಓದಿದ್ದೀಯ ಅಂತ ನಿಮ್ಮಮ್ಮ ಸಾಯೋವರೆಗೂ ಹೇಳ್ತಿದ್ರು. ಅದಾದ್ರೂ ನಿಜ ಆಗಲಿ."

ಅವನಿಗೆ ನಗು ಬಂತು. "ಸರಿ. ಭಾನುವಾರ ಭಾನುವಾರ ಬರ್ತೀನಿ. ಬೀಗ ಹೊಸದಾಗಿದೆಯಾ, ಯಾರಾದ್ರೂ ಬಾಗಿಲು ತಟ್ಟಿ ಹೋದ್ರಾ, ನೋಡಿಕೊಡ್ತೀನಿ. ಟವೆಲು ಇಲ್ಲೇ ಇರಲಿ, ಧೂಳಿಗೆ ಮುಚ್ಚೋಕಾಗುತ್ತೆ."

"ಮುಚ್ಚಿದ್ರೆ ಅದಕ್ಕೆ ಉಸಿರು ಕಟ್ಟುತ್ತೆ. ಹಿಂದೆ ಫ್ಯಾನಿದೆ, ಕಾಣಲ್ವಾ?"

ಅವನು ಟವೆಲು ಮಡಚಿದ.

"ಹೋಗೋ ಮೊದಲು ಇನ್ನೊಂದು ಕೆಲಸ," ಅಂದಳು. "ಇವತ್ತು ಭಾನುವಾರ. ನಿಮ್ಮಣ್ಣ ಭಾನುವಾರ ಕಟ್ತೀನಿ ಅಂದಿದ್ರು. ಅಪ್ಪಣೆಯಲ್ಲಿ ಇನ್ನೊಂದು ಹೆಸರು ಸೇರಿಸು. ಬಟ್ಟೆ ಗಂಟಿನ ಫೋಟೋ ಹಾಕೋಕೆ."

"ಏನು ಹೆಸರು? ಇಸ್ತ್ರಿನಾ?"

"ಹಿಸ್ತ್ರಿ."

ಅವನು ಅವಳ ಮುಖ ನೋಡಿದ. ಎಚ್ ಒತ್ತಿದ.

ಸ್ವಲ್ಪ ದಿನಕ್ಕೆ ಮೇಷ್ಟ್ರು ಭಾವ ಈ ಕಡೆ ಬಂದವರು ಮನೆಗೆ ಬಂದರು. ಕಿಟಕಿಯ ಪಕ್ಕ ಒಂದು ರಟ್ಟು ನೇತುಹಾಕಿತ್ತು. ಮೂರನೇ ಮಹಡಿಯವರಂಥ ಗಿರಾಕಿಗಳು ಮನೆಯಲ್ಲೇ ಕೂತು ತಮ್ಮ ಗಂಟು ಆಯಿತಾ ಅಂತ ನೋಡಿಕೊಳ್ಳಲಿ ಅಂತ, ಬಾಗಿಲಣ್ಣನಿಗೆ ಕೊಡಬೇಕಾದ ಹೆಸರನ್ನ ಅವಳೇ ಫೋನು ನೋಡಿಕೊಂಡು ಕೈಯಾರೆ ದಪ್ಪ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಳು. ಅವರು ಕನ್ನಡಕ ಏರಿಸಿದರು.

"ಇದೇನಮ್ಮ, ಹಿಸ್ತ್ರಿ? ನೀನೂ ಶುರು ಮಾಡಿದೆಯಾ? ತಪ್ಪು ಇದು."

"ಗೊತ್ತು ಭಾವ."

"ಗೊತ್ತಿದ್ದೂ ಬೀದಿಗೆ ಕಾಣೋ ಹಾಗೆ ನೇತುಹಾಕಿದ್ದೀಯ. ಜನ ನಗ್ತಾರೆ."

"ನಗಲಿ. ನಗೋಕಾದ್ರೂ ಓದಬೇಕಲ್ಲ. ಸರಿ ಬರೆದಿದ್ರೆ ಓದದೆ ಹೋಗೋರು." ಪೆಟ್ಟಿಗೆ ಎತ್ತಿ ತೋಳಿನ ಮಡಿಕೆಯ ಮೇಲೆ ಒತ್ತಿದಳು. ಹಬೆ ಎದ್ದಿತು. "ನೀವು ಅವರನ್ನ ತಿದ್ದಿದ್ರಿ. ನಾನೂ ಒಂದು ಸಲ ತಿದ್ದಿದೆ. ತಿದ್ದಿದ ಕೂಡ್ಲೇ ಮನೆ ಖಾಲಿ ಆಯ್ತು. ಇನ್ನು ಈ ಮನೇಲಿ ಅವರ ಅಕ್ಷರಕ್ಕೆ ಯಾರೂ ಕೈ ಹಾಕೋ ಹಾಗಿಲ್ಲ. ನೀವೂ ಹಾಕೋ ಹಾಗಿಲ್ಲ. ಕೂತ್ಕೊಳ್ಳಿ, ಕಾಫಿ ಕೊಡ್ತೀನಿ."

ಮೇಷ್ಟ್ರು ಕೂತರು. ಕಾಫಿ ಕುಡಿದರು. ಹೊರಡೋವಾಗ ತಮ್ಮ ಕೈಚೀಲದಿಂದ ಸುಕ್ಕಾದ ಒಂದು ಜುಬ್ಬ ತೆಗೆದು ಮೇಜಿನ ಮೇಲೆ ಇಟ್ಟರು. "ಇದನ್ನೂ ಒಂದು ಕೈ ನೋಡಮ್ಮ. ಯಾವಾಗ ಸಿಗುತ್ತೆ?"

"ಹಿಸ್ತ್ರಿಯಲ್ಲಿ ನೋಡ್ಕೊಳ್ಳಿ," ಅಂದಳು.

ಈಗಲೂ ಬೆಳಿಗ್ಗೆ ಎದ್ದವಳು ಮುಖಕ್ಕೆ ನೀರು ಹಾಕೋ ಮೊದಲು ಗೂಡಿನ ಹತ್ತಿರ ಹೋಗುತ್ತಾಳೆ. ಒಣಬಟ್ಟೆಯಲ್ಲಿ ಡಬ್ಬದ ಬೆನ್ನು ಒರೆಸುತ್ತಾಳೆ. ಹಿಂದಿನ ಫ್ಯಾನಿಗೆ ಕೂತ ನೂಲಿನ ಪುಡಿಯನ್ನ ಊದಿ ತೆಗೆಯುತ್ತಾಳೆ. ಇಸ್ತ್ರಿ ಮನೆ, ನೂಲಿನ ಪುಡಿ ತಪ್ಪಿದ್ದಲ್ಲ. ಫೋನು ತೆಗೆದು ಒಂದೊಂದೇ ಹೆಸರು ಒತ್ತಿ, ತೆರೆಯೋವರೆಗೂ ಕಾದು, ಬೀದಿಗೆ ಕೇಳೋ ಹಾಗೆ ಹೇಳುತ್ತಾಳೆ.

"ಹಾಲ್ಬಂ ಇದೆ. ಆಡು ಇದೆ. ಹಳತೆ ಇದೆ. ಹಿಸ್ತ್ರಿ ಇದೆ."

ಆಮೇಲೆ ಪೆಟ್ಟಿಗೆ ಕಾಯೋಕೆ ಇಟ್ಟು ಕಿಟಕಿ ತೆಗೆಯುತ್ತಾಳೆ.